ಎಪ್ಪತ್ತೊಂದು ಎಳೆ

ಅರ್ನವಾಝಳ ಗಾಲಿಕುರ್ಚಿ ಓಣಿಗೆ ಇಳಿದ ಸದ್ದು ಕೇಳಿದ ಕೂಡಲೇ ಹಿಲ್ಲಾ ಕಿಟಕಿಯ ಒಂದು ಪಡಿಯನ್ನು ಮುಚ್ಚುತ್ತಿದ್ದಳು. ಎರಡನ್ನೂ ಮುಚ್ಚಿದರೆ ಏನೂ ಕಾಣುತ್ತಿರಲಿಲ್ಲ.

ಅರ್ಧ ಕಿಟಕಿಯಿಂದ ಕಾಣುತ್ತಿದ್ದುದು ದಿನವೂ ಒಂದೇ. ಅರ್ನವಾಝಳ ಮನೆಯಿಂದ ಅಗ್ಯಾರಿಯ, ಅಂದರೆ ಪಾರ್ಸಿಗಳ ಅಗ್ನಿಮಂದಿರದ, ತಿರುವಿನವರೆಗೆ ನೂರು ಹೆಜ್ಜೆ. ಅಷ್ಟರಲ್ಲಿ ನಾಲ್ಕು ಜನ ನಿಂತು ಮಾತಾಡಿಸುತ್ತಿದ್ದರು. ಒಬ್ಬಳು ಬಂದು ಅವಳ ಮಡಿಲ ಶಾಲು ಸರಿಮಾಡುವಳು, ಇನ್ನೊಬ್ಬಳು ಅಂಗಳದ ಗುಲಾಬಿ ಕೊಡುವಳು. ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತ ಮುದುಕ ಬರ್ಜೋರ್ ಕೂಡ ಅವಳಿಗಾಗಿ ಎದ್ದು ನಿಂತು ದನಿ ತಗ್ಗಿಸಿ, "ಹೇಗಿದ್ದೀಯಮ್ಮ ಅರ್ನು" ಎನ್ನುತ್ತಿದ್ದ.

ಅದೇ ನೂರು ಹೆಜ್ಜೆಯನ್ನು ಹಿಲ್ಲಾ ಗೋಡೆಯ ಆಸರೆಯಲ್ಲಿ ನಡೆದು ಹೋದರೆ ಅದೇ ಬರ್ಜೋರ್ ಕೂತಲ್ಲಿಂದಲೇ ಕೂಗುತ್ತಿದ್ದ.

"ಏನೇ ಹಿಲ್ಲಾ, ಬೆಳಿಗ್ಗೆ ಬೆಳಿಗ್ಗೆನೇ ಆಯ್ತಾ? ತಾಡಿನೋ, ದಮನ್‌ನಿಂದ ಕದ್ದು ತಂದ ಮಾಲೋ? ನಿನ್ನ ಗಂಡ ಜಾಲ್‌ಗೆ ಹೇಳು, ನನಗೂ ಅರ್ಧ ಶೀಶೆ ಎತ್ತಿಡಲಿ."

"ನಿನಗೆ ಕೊಟ್ರೆ ಪೊಲೀಸರಿಗೂ ಕೊಡ್ಬೇಕಾಗುತ್ತೆ, ಅಷ್ಟು ದೊಡ್ಡ ಬಾಯಿ ನಿಂದು" ಎಂದು ಹಿಲ್ಲಾ ಉತ್ತರ ಕೊಡುತ್ತಿದ್ದಳು. ಮಾತು ಕೆಲವೊಮ್ಮೆ ನಾಲಿಗೆಯಲ್ಲಿ ತೊಡರುತ್ತಿತ್ತು. ಬರ್ಜೋರ್‌ಗೆ ಅದೂ ಒಂದು ಸಾಕ್ಷಿ.

ಪಾನನಿಷೇಧದ ಗುಜರಾತಿನಲ್ಲಿ, ನವಸಾರಿಯ ಪಾರ್ಸಿಗಳ ಓಣಿಯಲ್ಲಿ, ಹೆಂಗಸೊಬ್ಬಳು ತಟ್ಟಾಡುತ್ತ ನಡೆದರೆ ಜನ ಬೇರೆ ಕಾರಣ ಹುಡುಕುವುದಿಲ್ಲ. ಬೈಯುವುದೂ ಇಲ್ಲ. ಎಲ್ಲಿಂದ ತರಿಸುತ್ತಾಳೆ ಎಂದು ವಿಚಾರಿಸುತ್ತಾರೆ.

ನಿಜವೇನೆಂದರೆ, ಕುರ್ಚಿಯಲ್ಲಿ ಕೂತವಳಿಗೂ ಗೋಡೆ ಹಿಡಿದವಳಿಗೂ ಇದ್ದದ್ದು ಒಂದೇ ಕಾಯಿಲೆ. ಮಲ್ಟಿಪಲ್ ಸ್ಕ್ಲೆರೋಸಿಸ್. ಓಣಿಯವರು ಎಂ.ಎಸ್. ಎನ್ನುತ್ತಿದ್ದರು, ಅದೂ ಅರ್ನವಾಝಳ ಕಾಯಿಲೆ ಎಂಬ ಅರ್ಥದಲ್ಲಿ, ಆ ಊರಿನಲ್ಲಿ ಅದು ಅವಳೊಬ್ಬಳ ಸ್ವತ್ತು ಎಂಬಂತೆ. ಹಿಲ್ಲಾಳದು ಅವಳ ಗಂಡ ಜಾಲ್‌ಗೆ ಗೊತ್ತಿತ್ತು. ಅರ್ನವಾಝ್‌ಗೂ ಗೊತ್ತಿತ್ತು, ಅದು ಹಿಲ್ಲಾಳ ದುರದೃಷ್ಟ. ಹನ್ನೊಂದು ವರ್ಷದ ಹಿಂದೆ ಸೂರತ್ತಿನ ನರರೋಗ ತಜ್ಞರ ಬಾಗಿಲಲ್ಲಿ ತನ್ನ ಸರದಿಗೆ ಕಾಯುತ್ತಿದ್ದಾಗ ಎದುರಿಗೆ ಗಾಲಿಕುರ್ಚಿ ಬಂದು ನಿಂತಿತ್ತು. "ನೀನೂನಾ?" ಎಂದಿದ್ದಳು ಅರ್ನವಾಝ್, ಅಷ್ಟು ಜನರ ನಡುವೆ. ಊರಲ್ಲಿ ಯಾರಿಗೂ ಹೇಳಬೇಡವೆಂದು ಹಿಲ್ಲಾ ಕೇಳಿಕೊಂಡಿದ್ದಳು, ಅರ್ನವಾಝ್ ಹೇಳಿರಲಿಲ್ಲ. ಅವಳು ಹಿಲ್ಲಾಳ ಚಿಕ್ಕಪ್ಪನ ಮಗಳು. ಶಾಲೆಯಲ್ಲಿ ಹಾಡಿಗೆ ಬಹುಮಾನ ಅವಳಿಗೆ, ಅಜ್ಜಿಯ ರೇಷ್ಮೆ ಕಸೂತಿಯ ಗಾರಾ ಸೀರೆ ಅವಳಿಗೆ, ಮನೆಯ ಪಿಯಾನೊ ಅವಳಿಗೆ. ಕೊನೆಗೆ ಒಂದೇ ರೋಗ ಇಬ್ಬರಿಗೂ ಬಂದಾಗಲೂ ಒಳ್ಳೆಯ ಭಾಗ ಅವಳ ಪಾಲಿಗೇ ಹೋಗಿತ್ತು. ಅವಳ ಕಾಲು ಹೋದವು, ಎಲ್ಲರಿಗೂ ಕಂಡಿತು. ಟ್ರಸ್ಟಿನವರು ಬಾಗಿಲಿಗೆ ಇಳಿಜಾರು ಕಟ್ಟಿಸಿದರು. ಹೊಸ ವರ್ಷದ ನವರೋಝ್ ದಿನ ಮೊದಲ ಬಟ್ಟಲು ಶಾವಿಗೆ, ಮೊಸರು ಅವಳ ಮನೆಗೆ ಹೋಗುತ್ತಿತ್ತು. ಮುಂಬಯಿಯವರು ಕರೆಸಿ ಭಾಷಣ ಮಾಡಿಸಿದರು, ಪತ್ರಿಕೆಯಲ್ಲಿ ಚಿತ್ರ ಹಾಕಿದರು. ಹಿಲ್ಲಾಳದಾದರೋ ಬೆರಳ ತುದಿಯ ಜೋಮು, ಮಧ್ಯಾಹ್ನಕ್ಕೆ ಮೈ ಮುರಿದು ಹಾಕುವ ಸುಸ್ತು, ಸೆಕೆಯಲ್ಲಿ ಎರಡೆರಡಾಗಿ ಕಾಣುವ ಕಣ್ಣು. ಇದರಲ್ಲಿ ಯಾವುದನ್ನು ಯಾರಿಗೆ ತೋರಿಸುವುದು? ತನ್ನ ಕಾಲೂ ಹೋಗಿದ್ದರೆ ಚೆನ್ನಾಗಿತ್ತು ಎಂದು ಅವಳು ಒಂದೆರಡು ಸಲ ಯೋಚಿಸಿದ್ದುಂಟು. ನಾಚಿಕೆಯೇನೂ ಪಡಲಿಲ್ಲ.

ಹಾಗಾದರೆ ಹೇಳಿಬಿಡಬಹುದಿತ್ತಲ್ಲ ಎಂದರೆ, ಇಲ್ಲ. ಹಿಲ್ಲಾ ಕಸ್ತಿ ನೇಯುವವಳು. ಪಾರ್ಸಿಗಳು ಸೊಂಟಕ್ಕೆ ಮೂರು ಸುತ್ತು ಸುತ್ತಿ ಕಟ್ಟುವ, ಸ್ನಾನಕ್ಕಲ್ಲದೆ ಬಿಚ್ಚಿಡದ ಆ ಉಣ್ಣೆಯ ದಾರವನ್ನು ನವಸಾರಿಯ ಪುರೋಹಿತ ಮನೆತನದ ಹೆಂಗಸರು ತಲೆಮಾರುಗಳಿಂದ ನೇಯ್ದಿದ್ದಾರೆ. ಕುರಿಮರಿಯ ಉಣ್ಣೆ ನೂತು, ಜಂತರ್ ಎಂಬ ಪುಟ್ಟ ಮಗ್ಗಕ್ಕೆ ಎಪ್ಪತ್ತೆರಡು ಸುತ್ತು ಎಳೆ ಹಾಕಿ ನೇಯಬೇಕು. ಎಪ್ಪತ್ತೆರಡೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಿಲ್ಲಾಳ ಮನೆತನದ ಪ್ರತಿ ಮಗುವೂ ನವಜೋತದ, ಅಂದರೆ ಧರ್ಮದೀಕ್ಷೆಯ, ದಿನ ಮೊದಲ ಸಲ ಕಟ್ಟಿಕೊಂಡದ್ದು ಅವಳು ನೇಯ್ದ ಕಸ್ತಿಯನ್ನೇ. ಅದೊಂದು ವಿಷಯದಲ್ಲಿ ಅರ್ನವಾಝಳ ಹೆಸರು ಬರುತ್ತಿರಲಿಲ್ಲ. ಕುಡುಕಿಯಾದರೆ ಅಮಲು ಇಳಿದ ಮೇಲೆ ಅವಳ ಕೈಗೆ ಕೆಲಸ ಕೊಡುತ್ತಾರೆ, ರೋಗದ ಕೈಗೆ ಕೊಡುವುದಿಲ್ಲ ಎಂಬುದು ಹಿಲ್ಲಾಳ ಲೆಕ್ಕ. ಆದ್ದರಿಂದ ಕುಡುಕಿ ಎಂಬ ಹೆಸರನ್ನು ಹನ್ನೊಂದು ವರ್ಷ ಜೋಪಾನವಾಗಿ ಇಟ್ಟುಕೊಂಡಳು. ಆಗಾಗ ಕುಡಿದ ವಾಸನೆ ಮುಚ್ಚುವವಳ ಹಾಗೆ ಒಂದು ಏಲಕ್ಕಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನಂಬಿಕೆ ಗಟ್ಟಿಯಾಗಲೆಂದು.

ಬೆರಳಿಗೆ ಎಳೆ ತಿಳಿಯದಿದ್ದರೂ ನೇಯ್ಗೆ ನಡೆಯುತ್ತಿತ್ತು. ಕಣ್ಣಿತ್ತು, ನಲವತ್ತು ವರ್ಷದ ರೂಢಿಯಿತ್ತು, ಮರದ ಪಟ್ಟಿಯಿಂದ ಹೆಣಿಗೆಯನ್ನು ಬಡಿದಾಗ ಬರುವ ಸದ್ದಿನಿಂದಲೇ ಬಿಗಿ ಎಷ್ಟೆಂದು ಹೇಳುವ ಕಿವಿಯಿತ್ತು. ಕಷ್ಟವಾಗುತ್ತಿದ್ದುದು ಎಣಿಕೆ. ಸುಸ್ತಾದಾಗ ನಲವತ್ತಾಯಿತೋ ಐವತ್ತೋ ಎಂದು ಮನಸ್ಸು ತಪ್ಪುತ್ತಿತ್ತು. ಅದಕ್ಕೆ ಎಪ್ಪತ್ತೆರಡು ಹುಣಸೆ ಬೀಜ ಇಟ್ಟುಕೊಂಡಿದ್ದಳು. ಒಂದು ಸುತ್ತಿಗೆ ಒಂದು ಬೀಜ ಈ ತಟ್ಟೆಯಿಂದ ಆ ತಟ್ಟೆಗೆ. ಒಂದು ದಿನ ಅಂಟಿಕೊಂಡಿದ್ದ ಎರಡು ಬೀಜ ಒಟ್ಟಿಗೇ ಹೋದವು. ಬೆರಳು ಅದನ್ನು ಹೇಳಲಿಲ್ಲ.

ತಪ್ಪು ಸಿಕ್ಕಿದ್ದು ಗುಲ್ಚೇರ್ ಮಾಸಿಯ ಕೈಗೆ. ಎಂಬತ್ತೊಂದು ವರ್ಷದ ಈ ಮಾಸಿಯೇ ಓಣಿಯ ನೇಕಾರ್ತಿಯರಿಗೆಲ್ಲ ಗುರು. ಪುರೋಹಿತರು ಮಂತ್ರ ಹೇಳಿ ಕತ್ತರಿಸಿಕೊಟ್ಟ ಕಸ್ತಿಗೆ ತುದಿಯಲ್ಲಿ ಗೊಂಡೆ ಹೆಣೆಯುವ ಕೆಲಸವನ್ನು, ಕಣ್ಣು ನೋವೆಂಬ ನೆಪ ಹೇಳಿ, ಹಿಲ್ಲಾ ಅವಳಿಗೆ ಬಿಟ್ಟಿದ್ದಳು. ತುದಿಗೆ ಮೂರು ಗೊಂಡೆ, ಒಂದೊಂದಕ್ಕೆ ಇಪ್ಪತ್ತನಾಲ್ಕು ಎಳೆ.

"ಹಿಲ್ಲಾ, ಮೂರನೇದರಲ್ಲಿ ಒಂದು ಎಳೆ ಎಲ್ಲಿ ಹೋಯ್ತು?"

"ಇರುತ್ತೆ ಮಾಸಿ, ಸರಿಯಾಗಿ ನೋಡಿ."

"ನಾನು ನೋಡಲ್ಲ, ಮುಟ್ತೀನಿ. ಕಣ್ಣು ಯಾವತ್ತೋ ಹೋಯ್ತು. ಈ ಬೆರಳು ಇನ್ನೂ ಒಂದು ಸುಳ್ಳೂ ಹೇಳಿಲ್ಲ."

ಹಿಲ್ಲಾ ಆ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿದಳು. ಅವುಗಳ ಮೇಲೂ ಹೊಟ್ಟೆ ಉರಿಯಿತು.

ಎಪ್ಪತ್ತೊಂದು ಎಳೆಯ ಸುದ್ದಿ ಸಂಜೆಯೊಳಗೆ ಓಣಿ ಸುತ್ತಿತು. ಮರುದಿನ ಬಂದವಳು ಕೂಮಿ, ಹಿಲ್ಲಾಳ ಅಣ್ಣನ ಹೆಂಡತಿ. ಅವಳ ಮೊಮ್ಮಗಳು ವಹಿಷ್ತಾಳಿಗೆ ಡಿಸೆಂಬರಿನಲ್ಲಿ ನವಜೋತವೆಂದು ನಿಶ್ಚಯವಾಗಿತ್ತು. ಪುದೀನ ಹಾಕಿದ ಚಹಾ ಅರ್ಧ ಕುಡಿದ ಮೇಲೆ ಕೂಮಿ ವಿಷಯಕ್ಕೆ ಬಂದಳು.

"ಮಗೂನ ಕಸ್ತಿ ಈ ಸಲ ಬೇರೆಯವರಿಗೆ ಹೇಳೋಣ ಅಂತ ನಿಮ್ಮಣ್ಣ ಅಂತಿದ್ರು."

"ಅಣ್ಣ ಅಂತಿದ್ನೋ, ನೀವು ಅಂತಿದ್ರೋ ಭಾಭಿ?"

"ಇಬ್ರೂ ಅಂದ್ಕೋ. ನೋಡು ಹಿಲ್ಲಾ, ನಾನು ನೇರವಾಗಿ ಹೇಳ್ತೀನಿ. ಒಂದು ತಿಂಗಳು ಮುಟ್ಟದೆ ಇದ್ದು ತೋರಿಸು. ಆಮೇಲೂ ನಿನ್ನ ಕಾಲು ನೆಟ್ಟಗಿದ್ರೆ ಕಸ್ತಿ ನೀನೇ ನೇಯಿ. ಇಲ್ಲಾಂದ್ರೆ ಬೇರೆ ಕಡೆ."

ಮುಟ್ಟದ್ದನ್ನು ಬಿಡುವುದು ಹೇಗೆ? ಹಿಲ್ಲಾ ಆಗಲಿ ಎಂದಳು. ತಿಂಗಳು ಮೇ. ಸೆಕೆ ಏರಿದಷ್ಟೂ ಅವಳ ಕಾಲು ಸೋಲುತ್ತಿತ್ತು. ಮೂರನೆಯ ವಾರದ ಹೊತ್ತಿಗೆ ಅವಳು ಅಗ್ಯಾರಿಯ ಮೆಟ್ಟಿಲಲ್ಲಿ ಎರಡು ಸಲ ಎಡವಿದ್ದಳು, ಎರಡು ಸಲವೂ ಕೂಮಿಯ ಕಣ್ಣೆದುರಿಗೇ.

ಆ ತಿಂಗಳ ಕೊನೆಯಲ್ಲೇ ಧರ್ಮಶಾಲೆಯ ಸಭಾಂಗಣದಲ್ಲಿ ಎಂ.ಎಸ್. ಕಾಯಿಲೆಯ ಅರಿವು ಮೂಡಿಸುವ ಸಭೆ ಇತ್ತು. ಪ್ರತಿವರ್ಷ ಇರುತ್ತಿತ್ತು, ಪ್ರತಿವರ್ಷವೂ ಹಿಲ್ಲಾ ತಲೆನೋವೆಂದು ಮನೆಯಲ್ಲೇ ಉಳಿಯುತ್ತಿದ್ದಳು. ಈ ಸಲ ಹೋದಳು. ಹೋಗದಿದ್ದರೆ ಮನೆಯಲ್ಲಿ ಕೂತು ಕುಡಿಯುತ್ತಿದ್ದಾಳೆ ಎಂದು ಕೂಮಿ ತಿಳಿಯುತ್ತಿದ್ದಳು.

ಸೂರತ್ತಿನ ಡಾಕ್ಟರು ಹತ್ತು ನಿಮಿಷ ಮಾತಾಡಿದರು. ನಮ್ಮ ಸಮುದಾಯದಲ್ಲಿ ಇದು ದೇಶದ ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ ಎಂದರು. ಅಷ್ಟು ಹೊತ್ತಿಗೆ ಕರೆಂಟು ಹೋಗಿ ಫ್ಯಾನುಗಳು ನಿಂತವು. ಮೈಕು ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಕಿತ್ತಳೆ ಬಣ್ಣದ ಸೀರೆಯುಟ್ಟ ಅರ್ನವಾಝಳನ್ನು ವೇದಿಕೆಗೆ ತಂದಾಗ ಹಿಲ್ಲಾಳ ಕಣ್ಣು ಆಗಲೇ ಕೈಕೊಟ್ಟಿತ್ತು. ಒಬ್ಬಳು ಅರ್ನವಾಝ್ ಸಾಲದೆಂದು ಇಬ್ಬರು ಕಂಡರು. ಇಬ್ಬರಿಗೂ ಚಪ್ಪಾಳೆ ಬಿತ್ತು.

"ನಮ್ಮ ನರಗಳ ಮೇಲೆ ಒಂದು ಹೊದಿಕೆ ಇರುತ್ತೆ, ವಿದ್ಯುತ್ ತಂತಿ ಮೇಲೆ ರಬ್ಬರ್ ಇರೋ ಹಾಗೆ" ಎಂದು ಅರ್ನವಾಝ್ ಶುರುಮಾಡಿದಳು. ಹಾಡು ಹೇಳಿ ಪಳಗಿದ ದನಿ. "ನಮ್ಮ ದೇಹವೇ ಅದನ್ನ ಅಲ್ಲಲ್ಲಿ ಕಚ್ಚಿ ಹಾಕುತ್ತೆ. ಆಮೇಲೆ ಮೆದುಳಿನ ಮಾತು ಕಾಲಿಗೆ ಮುಟ್ಟಲ್ಲ, ಕೈಯ ಮಾತು ಮೆದುಳಿಗೆ ಮುಟ್ಟಲ್ಲ. ಹೇಗಿರುತ್ತೆ ಅಂತ ಕೇಳ್ತೀರಾ? ಬೆರಳಿಗೆ ಯಾರೋ ಉಣ್ಣೆ ಸುತ್ತಿಬಿಟ್ಟ ಹಾಗೆ. ಎಳೆ ಹಿಡಿದ್ರೆ ಅದು ಕೈಯಲ್ಲಿದೆಯೋ ಬಿದ್ದುಹೋಯ್ತೋ ತಿಳಿಯಲ್ಲ. ಉಣ್ಣೆಯಿಂದ ಉಣ್ಣೆ ಹಿಡೀಬೇಕು."

ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಕೂಮಿಯೂ ಕರವಸ್ತ್ರ ತೆಗೆದಳು.

ಅದು ಹಿಲ್ಲಾಳ ಮಾತು. ಸೂರತ್ತಿನ ಆ ಬೆಂಚಿನ ಮೇಲೆ, ಹನ್ನೊಂದು ವರ್ಷದ ಹಿಂದೆ, ಅವಳು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದ ಮಾತು, ಅಕ್ಷರ ಬಿಡದೆ. ಹಾಡಿನ ಬಹುಮಾನ ಹೋಗಲಿ, ಗಾರಾ ಸೀರೆ ಹೋಗಲಿ, ಇದೂ ಹೋಯಿತು. ತಾನು ಎದ್ದು ನಿಂತದ್ದು ಅವಳಿಗೆ ತಿಳಿದದ್ದು ಮುಂದಿನ ಕುರ್ಚಿ ಉರುಳಿದ ಮೇಲೆ.

"ಅದು ನಂದು" ಎಂದಳು.

ಸಭೆಯೆಲ್ಲ ತಿರುಗಿತು.

"ಅವಳ ಕೈಗೆ ಏನೂ ಆಗಿಲ್ಲ. ನಿನ್ನೆ ಪಿಯಾನೊ ನುಡಿಸ್ತಾ ಇದ್ದದ್ದು ನೀವೆಲ್ಲ ಕೇಳಿದ್ದೀರಿ. ಅವಳದು ಕಾಲು. ಉಣ್ಣೆ ಸುತ್ತಿರೋ ಬೆರಳು ನಂದು. ಬೇರೆಯವರದ್ದು ಯಾಕೆ ಹೇಳ್ತಾಳೆ, ತನ್ನದು ಹೇಳಲಿ."

"ಲೋ ಜಾಲ್, ಕೂರಿಸೋ ಅವಳನ್ನ" ಎಂದ ಬರ್ಜೋರ್. "ಸೆಕೆಗೆ ಏರಿಬಿಟ್ಟಿದೆ."

ಒಂದಷ್ಟು ಜನ ನಕ್ಕರು. ಜಾಲ್ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತನಾದವನು, ನಾಲ್ಕು ಜನರೆದುರು ಬಾಯಿಬಿಟ್ಟವನಲ್ಲ. ಅವನು ಎದ್ದು ನಿಂತ.

"ಅವಳು ಒಂದು ತೊಟ್ಟೂ ಕುಡಿಯಲ್ಲ. ನಮ್ಮನೇಲಿರೋ ಶೀಶೆ ನಂದು." ಸ್ವಲ್ಪ ತಡೆದು, "ಅದೂ ಔಷಧಿಗೆ ಅಂತ" ಎಂದು ಸೇರಿಸಿ ಕೂತ.

ಈ ಸಲ ಇಡೀ ಸಭೆ ನಕ್ಕಿತು. ಹಿಲ್ಲಾ ನಿಂತೇ ಇದ್ದಳು. ಎಲ್ಲರೂ ವೇದಿಕೆಯ ಕಡೆ ನೋಡಿದರು. ಅರ್ನವಾಝ್ ಮೈಕನ್ನು ಒಂದು ಸಲ ಕೆಳಗಿಳಿಸಿ ಮತ್ತೆ ಎತ್ತಿದಳು.

"ಹೌದು, ಅದು ಅವಳ ಮಾತೇ" ಎಂದಳು. "ಚೆನ್ನಾಗಿತ್ತು, ತಗೊಂಡೆ."

ಎದ್ದು ಬಂದವಳು ಗುಲ್ಚೇರ್ ಮಾಸಿ. ಊರುಗೋಲು ಕುಟ್ಟುತ್ತ ಹಿಲ್ಲಾಳ ಮುಂದೆ ಬಂದು ನಿಂತು, ಸಂಚಿಯಿಂದ ಉಣ್ಣೆಯ ಎಳೆ ತೆಗೆದಳು.

"ಕಣ್ಣು ಮುಚ್ಚು. ಕೈ ಚಾಚು."

ಹಿಲ್ಲಾ ಚಾಚಿದಳು. ಮಾಸಿ ಅವಳ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿಸಿದಳು.

"ಎಷ್ಟು ಎಳೆ ಇಟ್ಟಿದ್ದೀನಿ?"

ಹಿಲ್ಲಾ ಬೆರಳು ಆಡಿಸಿದಳು. ಏನೋ ಇದ್ದ ಹಾಗಿತ್ತು. "ಮೂರು" ಎಂದಳು.

"ಬಿಡಿಸಿ ನೋಡು."

ಅಂಗೈಯಲ್ಲಿ ಏನೂ ಇರಲಿಲ್ಲ. ಎಳೆಗಳು ಮಾಸಿಯ ಕೈಯಲ್ಲೇ ಇದ್ದವು.

ಬರ್ಜೋರ್ ತಲೆಯ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಸೂರತ್ತಿನ ಡಾಕ್ಟರು ಎದ್ದು ಬಂದು, ಇಷ್ಟು ಜನರೆದುರು ಹೇಳಿಕೊಳ್ಳಲು ಬಹಳ ಧೈರ್ಯ ಬೇಕು ಎಂದು ಹಿಲ್ಲಾಳನ್ನು ಹೊಗಳಿದರು. ಚಪ್ಪಾಳೆ ಬಿತ್ತು. ಹೊಟ್ಟೆಕಿಚ್ಚಿಗೆ ಅವರು ಧೈರ್ಯವೆಂದು ಹೆಸರಿಟ್ಟರೆ ತಿದ್ದುವುದು ಹಿಲ್ಲಾಳ ಕೆಲಸವಾಗಿರಲಿಲ್ಲ.

ಆದರೆ ಅವಳ ಲೆಕ್ಕ ತಪ್ಪಾಗಿರಲಿಲ್ಲ. ಕೂಮಿ ಬಂದು ತಬ್ಬಿಕೊಂಡು ಅತ್ತಳು, ಅತ್ತು ಮುಗಿದ ಮೇಲೆ ಹೇಳಿದಳು.

"ಕುಡಿತ ಆಗಿದ್ರೆ ಬಿಡಿಸಬಹುದಿತ್ತು ಹಿಲ್ಲಾ. ಇದಕ್ಕೆ ಏನು ಮಾಡೋದು? ನೀನು ಇನ್ನು ಆರಾಮಾಗಿರು. ಮಗೂನ ಕಸ್ತಿ ಚಿಂತೆ ಬಿಡು."

"ಚಿಂತೆ ಯಾಕೆ ಬಿಡ್ಬೇಕು?" ಎಂದಳು ಪಕ್ಕದಲ್ಲೇ ನಿಂತಿದ್ದ ಗುಲ್ಚೇರ್ ಮಾಸಿ. "ಅವಳು ತಪ್ಪಿದ್ದು ಎಣಿಕೆ. ನೇಯ್ಗೆ ತಪ್ಪಿಲ್ಲ, ಆ ಎಪ್ಪತ್ತೊಂದು ಎಳೆದು ಕೂಡ ನೇಯ್ಗೆ ನೋಡಿದ್ರೆ ಓಣಿಯ ಉಳಿದ ನೇಕಾರ್ತಿಯರಿಗೆ ನಾಚಿಕೆ ಆಗ್ಬೇಕು. ಎಣಿಸೋಕೆ ಒಬ್ಬರನ್ನ ಕೂರಿಸಿದ್ರಾಯ್ತು." ಊರುಗೋಲನ್ನು ವೇದಿಕೆಯತ್ತ ಚಾಚಿದಳು. "ಏ ಅರ್ನು. ನಿನ್ನ ಬೆರಳು ಚೆನ್ನಾಗಿದೆಯಂತಲ್ಲ. ಅವಳ ಮಾತು ತಗೊಂಡೆ, ಅವಳ ಎಳೆ ಎಣಿಸಿಕೊಡು."

"ನಾನಾ? ನನಗೆ ಜಂತರ್ ಯಾವ ಕಡೆ ಮೇಲು ಅಂತ ಗೊತ್ತಿಲ್ಲ ಮಾಸಿ."

"ಎಪ್ಪತ್ತೆರಡರ ತನಕ ಎಣಿಸೋಕೆ ಬರುತ್ತಾ? ಅಷ್ಟು ಸಾಕು."

ಬೇಡವೆನ್ನಲು ಹಿಲ್ಲಾ ಬಾಯಿ ತೆರೆದಳು. ಬೇಡವೆಂದರೆ ಕಸ್ತಿ ಹೋಗುತ್ತದೆ. ಬಾಯಿ ಮುಚ್ಚಿದಳು.

ಮಳೆ ಬಂದು ಸೆಕೆ ಇಳಿದ ಮೇಲೆ ಕೆಲಸ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಗಾಲಿಕುರ್ಚಿ ಹಿಲ್ಲಾಳ ಮನೆಗೆ ಬರುತ್ತಿತ್ತು. ಅರ್ನವಾಝ್ ಎಣಿಕೆ ಶುರುಮಾಡಿ ನಡುವೆ ಮುಂಬಯಿಯ ಸುದ್ದಿ ಹೇಳುವಳು. ಮೊದಲ ಸಲ ಎಳೆ ಹಾಕಿ ಮುಗಿದಾಗ ಗುಲ್ಚೇರ್ ಮಾಸಿ ಬಂದು ಮುಟ್ಟಿ ನೋಡಿ ಎಪ್ಪತ್ಮೂರು ಎಂದಳು. ಎಲ್ಲವನ್ನೂ ಬಿಚ್ಚಬೇಕಾಯಿತು.

"ನಾನೊಬ್ಬಳೇ ಮಾಡಿದ್ರೆ ಒಂದು ಕಡಿಮೆ, ನೀನು ಸೇರಿದ್ರೆ ಒಂದು ಜಾಸ್ತಿ" ಎಂದಳು ಹಿಲ್ಲಾ. "ಬಾಯಿ ಮುಚ್ಕೊಂಡು ಎಣಿಸು."

ಅರ್ನವಾಝ್ ಎಣಿಸುವಾಗ ಪ್ರತಿ ಎಳೆಯನ್ನೂ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟುತ್ತಿದ್ದಳು, ಪಿಯಾನೊ ಮುಟ್ಟಿದ ಹಾಗೆ. ಹಿಲ್ಲಾ ಆ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದಳು. ಉಣ್ಣೆ ಅವಕ್ಕೆ ಒರಟಾಗಿ ತಾಗುತ್ತದೆಯೋ ಮೆತ್ತಗೋ ಎಂದು ಕೇಳಬೇಕೆನ್ನಿಸಿ ಕೇಳದೆ ಬಿಟ್ಟಳು. ಒಂದು ದಿನ ಅವಳು ನೀರು ಕುಡಿಯಲು ಎದ್ದು, ಗೋಡೆ ಹಿಡಿದು ಅಡಿಗೆಮನೆಗೆ ಹೋಗಿ ಬಂದಾಗ ಅರ್ನವಾಝ್ ಎಣಿಕೆ ನಿಲ್ಲಿಸಿ ಅವಳ ಕಾಲನ್ನೇ ನೋಡುತ್ತಿದ್ದಳು.

"ಬಾಯಾರಿದ್ರೆ ನೀನು ಎದ್ದು ಹೋಗ್ತೀಯ" ಎಂದಳು. "ನಾನು ಯಾರನ್ನ ಕರೀಲಿ ಅಂತ ಯೋಚನೆ ಮಾಡ್ತೀನಿ."

"ಕರೆದ್ರೆ ಹತ್ತು ಜನ ಬರ್ತಾರಲ್ಲ."

"ಬರ್ತಾರೆ. ಬಂದು ದನಿ ತಗ್ಗಿಸಿ ಮಾತಾಡ್ತಾರೆ, ಸತ್ತವರ ಮನೇಲಿ ಮಾತಾಡಿದ ಹಾಗೆ. ಬರ್ಜೋರ್ ನಿನ್ನ ಜೊತೆ ಮಾಡೋ ತಮಾಷೆ ನನ್ನ ಜೊತೆ ಒಂದು ದಿನ ಮಾಡಿದ್ದಾನಾ? ಆ ದರಿದ್ರ ಕಿಟಕಿ ಒಂದು ಪಡಿ ಯಾಕೆ ಮುಚ್ಚಿರುತ್ತೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯ? ನನಗೂ ಅದು ಕಾಣುತ್ತೆ. ನೀನು ನಿಂತ್ಕೊಂಡು ನೋಡ್ತೀಯ, ನಾನು ಕೂತ್ಕೊಂಡು ನೋಡ್ತೀನಿ. ಎಷ್ಟಾಯ್ತು ಈಗ?"

"ಐವತ್ತಾರು. ನೀನು ಎಣಿಸಬೇಕಾದದ್ದು."

ಇದನ್ನು ಕೇಳಿ ಹಿಲ್ಲಾಳ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ಖುಷಿಯಾಯಿತು. ಎರಡು ದಿನ ಆ ಖುಷಿಯಲ್ಲೇ ಇದ್ದಳು, ಜಾಲ್‌ಗೆ ರವೆಯ ಪಾಯಸವನ್ನೂ ಮಾಡಿಹಾಕಿದಳು.

ಎರಡನೆಯ ಸಲ ಎಳೆ ಎಪ್ಪತ್ತೆರಡೇ ಬಂದವು. ಬೆಳಗಿನ ತಂಪಿನಲ್ಲಿ ದಿನಕ್ಕೆ ಗೇಣುದ್ದದಂತೆ ನೇಯ್ಗೆ ಸಾಗಿತು. ಪಟ್ಟಿಯ ಸದ್ದು ಸಡಿಲವಾದ ದಿನ ಹಿಲ್ಲಾ ಬಿಚ್ಚಿ ಮತ್ತೆ ನೇಯುತ್ತಿದ್ದಳು. ಅಕ್ಟೋಬರಿನಲ್ಲಿ ಹತ್ತು ದಿನ ಎಡಗೈ ಏಳಲಿಲ್ಲ. ಸೂರತ್ತಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಮತ್ತೆ ಕೂತಳು. ಪುರೋಹಿತರು ಕತ್ತರಿಸಿಕೊಟ್ಟ ಮೇಲೆ ಗುಲ್ಚೇರ್ ಮಾಸಿ ಮೂರೂ ಗೊಂಡೆಗಳ ಮೇಲೆ ಬೆರಳಾಡಿಸಿ ಏನೂ ಹೇಳದೆ ಹೆಣೆಯಲು ಕೂತಳು. ಮಾಸಿ ಏನೂ ಹೇಳಲಿಲ್ಲವೆಂದರೆ ಸರಿಯಿದೆ ಎಂದರ್ಥ.

ಡಿಸೆಂಬರಿನ ಸಂಜೆ ವೇದಿಕೆಯ ಮೇಲೆ ವಹಿಷ್ತಾ ಸುದ್ರೆ ಎಂಬ ತೆಳು ಬಿಳಿ ಅಂಗಿಯ ಮೇಲೆ ಆ ಕಸ್ತಿ ಕಟ್ಟಿಸಿಕೊಂಡಳು. ಮೂರು ಸುತ್ತು, ಮುಂದೊಂದು ಗಂಟು, ಹಿಂದೊಂದು ಗಂಟು. ಮಗುವಿಗೆ ಗಮನವೆಲ್ಲ ಉಡುಗೊರೆಗಳ ಕಡೆ. ಹಿಲ್ಲಾ ಮಾತ್ರ ಗಂಟನ್ನೇ ನೋಡುತ್ತಿದ್ದಳು. ಬಾಳೆಲೆಯಲ್ಲಿ ಬೆಂದ ಮೀನು ಬಡಿಸುವ ಹೊತ್ತಿಗೆ ಗಾಲಿಕುರ್ಚಿಯ ಸುತ್ತ ಜನ ಸೇರಿದ್ದರು.

"ಒಂದೊಂದು ಎಳೆನೂ ಎಣಿಸಿದ್ದು ನಾನು" ಎಂದು ಅರ್ನವಾಝ್ ಮುಂಬಯಿಯ ನೆಂಟರಿಗೆ ಹೇಳುತ್ತಿದ್ದಳು. ಎಪ್ಪತ್ಮೂರರ ವಿಷಯ ಹೇಳಲಿಲ್ಲ.

ಹಿಲ್ಲಾಳ ಹೊಟ್ಟೆಯೊಳಗೆ ಹಳೆಯ ಉರಿ ಎದ್ದು ಕೂತಿತು. ಎದ್ದು ಹೋಗಿ ಹೇಳಿಬಿಡಲೇ ಎಂದು ಕುರ್ಚಿಯ ಕೈ ಹಿಡಿದಳು. ಅಷ್ಟರಲ್ಲಿ ಬಿಲಿಮೋರಾದಿಂದ ಬಂದಿದ್ದ ಒಬ್ಬ ಎಳೆಯ ಹೆಂಗಸು, ಅರ್ನವಾಝಳ ಸುತ್ತಲಿನ ಗುಂಪನ್ನು ಬಳಸಿಕೊಂಡು, ಮೇಜುಗಳನ್ನು ಹಿಡಿದು ಹಿಡಿದು ನಡೆಯುತ್ತ ಬಂದು ಅವಳ ಪಕ್ಕದಲ್ಲಿ ಕೂತಳು.

"ಹಿಲ್ಲಾ ಆಂಟಿ ಅಂದ್ರೆ ನೀವೇನಾ? ಕುಡೀತಾರೆ ಅಂತ ಹೇಳಿಸ್ಕೊಂಡೋರು?"

"ಹನ್ನೊಂದು ವರ್ಷ."

"ನನ್ನತ್ತೆ ದಿನಾ ನನ್ನ ಬಾಯಿ ಮೂಸಿ ನೋಡ್ತಾರೆ. ನಾನಿನ್ನೂ ಯಾರಿಗೂ ಹೇಳಿಲ್ಲ. ಡಾಕ್ಟರು ಕಾಯಿಲೆ ಹೆಸರು ಹೇಳಿ ಎರಡು ತಿಂಗಳಾಯ್ತು."

"ಏಲಕ್ಕಿ ಹಾಕ್ಕೋತೀಯಾ?"

"ಒಂದೊಂದ್ಸಲ."

"ಮೊದಲು ಅದನ್ನ ಬಿಡು. ಏಲಕ್ಕಿ ವಾಸನೆ ಬಂದ್ರೆ ಅವರಿಗೆ ಖಾತ್ರಿ ಆಗಿಬಿಡುತ್ತೆ. ಆಮೇಲೆ ನಿನ್ನ ಅತ್ತೇನ ನಮ್ಮನೆಗೆ ಕಳಿಸು." ತಟ್ಟೆಯ ಮೀನನ್ನು ಅವಳ ಕಡೆ ಸರಿಸಿದಳು. "ತಿನ್ನು. ಕಾಲೋ, ಕೈಯೋ?"

"ಕಣ್ಣು. ಮತ್ತೆ ಕಾಲು ಸ್ವಲ್ಪ."

ಅವಳು ಹೇಳುತ್ತ ಹೋದಳು. ಹಿಲ್ಲಾ ತಲೆಯೆತ್ತಿದಾಗ ಗುಂಪಿನ ನಡುವೆ ಅರ್ನವಾಝ್ ಮಾತು ನಿಲ್ಲಿಸಿದ್ದಳು. ಅವಳ ಕಣ್ಣು ಇತ್ತಲೇ ಇತ್ತು. ಕುರ್ಚಿಯ ಒಂದು ಗಾಲಿಯನ್ನು ಹಿಡಿದು ಅವಳು ಇತ್ತ ಒಂದಿಷ್ಟು ತಿರುಗಿದ್ದಳು. ಕತ್ತು ಉದ್ದ ಮಾಡಿದ್ದಳು. ನಡುವೆ ಹಿಲ್ಲಾಳ ಮೇಜಿನ ಹೂಕುಂಡವೊಂದು ಅಡ್ಡ ಬಂದಿತ್ತು.

ಹಿಲ್ಲಾ ಕೈ ಚಾಚಿ ಹೂಕುಂಡವನ್ನು ಪಕ್ಕಕ್ಕೆ ಸರಿಸಿದಳು, ಅಲ್ಲಿಂದ ತಾವಿಬ್ಬರೂ ಚೆನ್ನಾಗಿ ಕಾಣುವಂತೆ.